ಮೂರು ತಿಂಗಳು ಹೊಲಿದ ಎಲೆಯಡಿಕೆ ಸಂಚಿ

ಕೊಣನೂರಿನಲ್ಲಿ ಬ್ಲೌಸ್ ಹೊಲಿಯುವವರು ಎಂಟು ಜನ ಇದ್ದೇವೆ. ಹೇಳಿದ ದಿನಕ್ಕೆ ಕೊಡುವವಳು ನಾನೊಬ್ಬಳೇ. ಜಂಬಕ್ಕೆ ಹೇಳುತ್ತಿಲ್ಲ. ಅಂಥ ನನ್ನ ಮನೆಯಲ್ಲಿ, ನನ್ನ ಕಣ್ಣೆದುರಿಗೇ, ಅಂಗೈಯಗಲದ ಒಂದು ಎಲೆಯಡಿಕೆ ಸಂಚಿಗೆ ಮೂರು ತಿಂಗಳು ಹಿಡಿಯಿತಲ್ಲ ಎಂಬ ಸಂಕಟಕ್ಕೆ ಹೇಳುತ್ತಿದ್ದೇನೆ.

ಹೊಲಿದವಳು ನಮ್ಮ ಭಾವನ ಮಗಳು ಧನ್ಯಾ. ಹಾಸನದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಒಂದು ಟ್ರಂಕು, ಒಂದು ಬಕೆಟ್ಟು, ಒಂದು ಬಿಳಿ ಲ್ಯಾಬ್ ಕೋಟಿನ ಸಮೇತ ಜೂನ್ ತಿಂಗಳಲ್ಲಿ ಮನೆಗೆ ಬಂದಳು. ವೀಳ್ಯದೆಲೆಗೆ ಲ್ಯಾಟಿನ್ನಿನಲ್ಲಿ ಏನನ್ನುತ್ತಾರೆಂದು ಗೊತ್ತು, ಮಡಿಸಲು ಬರುವುದಿಲ್ಲ. ಅಂಥ ಓದು.

ಬಂದ ವಾರದಲ್ಲೇ ಊರು ಅವಳನ್ನು ಹಿಡಿದುಕೊಂಡಿತು. ಡೈರಿಗೆ ಹಾಲು ಹಾಕಲು ಹೋದರೆ ಅಲ್ಲಿಯವರು, ಸಂತೆಗೆ ಹೋದರೆ ಸೊಪ್ಪಿನವಳು, ಬಸ್ಸು ಹತ್ತಿದರೆ ಕಂಡಕ್ಟರ್, ಎಲ್ಲರದೂ ಒಂದೇ ಮಾತು: "ಓದು ಮುಗೀತಂತಲ್ಲವ್ವ, ಮುಂದೇನು?" ಎಲ್ಲರನ್ನೂ ಮೀರಿಸಿದವರು ಎದುರುಮನೆಯ ಬಸವರಾಜು ಮೇಷ್ಟ್ರು. ಅವರು ರಿಟೈರಾಗಿ ಆರು ವರ್ಷವಾಯಿತು, ಪ್ರಶ್ನೆ ಕೇಳುವ ಚಟ ಇನ್ನೂ ಸರ್ವಿಸ್ಸಿನಲ್ಲೇ ಇದೆ. ಬೆಳಗ್ಗೆ ನಮ್ಮ ಪೇಪರ್ ಒಯ್ಯಲು ಬಂದಾಗ ಒಂದು ಸಲ, ಸಂಜೆ ವಾಪಸ್ ಕೊಡುವಾಗ ಇನ್ನೊಂದು ಸಲ. ಬಿ.ಎಡ್. ಮಾಡಲಿ ಎಂದರು ಅವಳಪ್ಪ. ಮದುವೆ ಆಗಲಿ ಎಂದಳು ಅವಳಮ್ಮ. ಹುಡುಗಿ ಮಾತ್ರ ನೆಲ ನೋಡಿಕೊಂಡು ನಿಲ್ಲುತ್ತಿದ್ದಳು. ಓದಿನಲ್ಲಿ ತರಗತಿಗೇ ಮೊದಲಿದ್ದ ಮಗು ಹಾಗೆ ನಿಲ್ಲುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ.

ಅಷ್ಟರಲ್ಲಿ ನಮ್ಮತ್ತೆ ಪುಟ್ಟತಾಯಮ್ಮನವರ ಸಂಚಿಯನ್ನು ಮೇಕೆ ತಿಂದಿತು. ಎಲೆ, ಅಡಿಕೆ, ಮೂವತ್ತು ವರ್ಷದ ಬಟ್ಟೆ ಎಲ್ಲವೂ ಹೋಗಿ ಸುಣ್ಣದ ಡಬ್ಬಿಯೊಂದು ಉಳಿಯಿತು. "ನಾನು ಹೊಲ್ಕೊಡ್ತೀನಿ ಅಜ್ಜಿ, ಕೈಯಲ್ಲೇ" ಎಂದು ಧನ್ಯಾ ತನ್ನ ಲ್ಯಾಬ್ ಕೋಟಿಗೆ ಕತ್ತರಿ ಹಾಕಿದಳು.

"ಅಲ್ಲ ಕಣೆ, ನಾಳೆ ಅದು ಬೇಕಾಗಕಿಲ್ವ?" ಎಂದೆ.

"ಗೊತ್ತಿಲ್ಲ ಚಿಕ್ಕಮ್ಮ" ಎಂದಳು. ಕತ್ತರಿ ನಿಲ್ಲಲಿಲ್ಲ.

ಜಗಲಿಯ ಮೇಲೆ ಕೂತು ಅವಳು ಸೂಜಿ ಹಿಡಿದದ್ದೇ ಊರಿನ ಪ್ರಶ್ನೆ ಬದಲಾಯಿತು. "ಏನವ್ವ ಮಾಡ್ತಿದ್ದೀಯ?" ಎಂದರೆ, "ಅಜ್ಜಿಗೆ ಸಂಚಿ ಹೊಲೀತಿದ್ದೀನಿ." ಅಷ್ಟಕ್ಕೆ ಎಲ್ಲರಿಗೂ ಸಮಾಧಾನ. ಮೇಷ್ಟ್ರು ಕೂಡ "ಒಳ್ಳೇದು, ಒಳ್ಳೇದು" ಎಂದು ಪೇಪರ್ ತೆಗೆದುಕೊಂಡು ನಡೆದರು. ಕೈಯಲ್ಲಿ ಕೆಲಸ ಇರುವವರನ್ನು ನಮ್ಮೂರಲ್ಲಿ ಯಾರೂ ತಡವುವುದಿಲ್ಲ.

ಜುಲೈ ಹೋಯಿತು, ಆಗಸ್ಟ್ ಹೋಯಿತು. ಅತ್ತೆ ಬ್ರೆಡ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ಎಲೆಯಡಿಕೆ ಇಟ್ಟುಕೊಂಡು ಓಡಾಡಿದರು. ಭಜನೆಯ ನಡುವೆ ಅದು ಪರಪರ ಎಂದರೆ ಇಡೀ ಸಾಲು ತಿರುಗಿ ನೋಡುತ್ತಿತ್ತು. ಸಂಚಿ ಬಿಚ್ಚಿದರೆ ನಾಲ್ಕು ಕೈ ಮುಂದೆ ಬರುತ್ತವೆ, ಕೈಯ ಹಿಂದೆ ನಾಲ್ಕು ಸುದ್ದಿ ಬರುತ್ತವೆ. ಬ್ರೆಡ್ಡಿನ ಕವರಿಗೆ ಯಾರು ಕೈಯೊಡ್ಡುತ್ತಾರೆ? ಅತ್ತೆ ಭಜನೆಗೆ ಹೋಗುವುದನ್ನೇ ಬಿಟ್ಟರು.

ನನ್ನ ಬಿಳಿ ದಾರದ ಮೂರನೇ ರೀಲು ಖಾಲಿಯಾದ ದಿನ ನಾನು ಸಂಚಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹೊಲಿಗೆ ನೆಟ್ಟಗಿತ್ತು, ನನ್ನದಕ್ಕಿಂತ ನೆಟ್ಟಗಿತ್ತು ಎಂದರೂ ತಪ್ಪಿಲ್ಲ. ಆದರೆ ಅದರ ಅಕ್ಕಪಕ್ಕ ಸೂಜಿಯ ತೂತುಗಳು ಸಾಲುಸಾಲಾಗಿ, ಜರಡಿಯ ಹಾಗೆ. ಬೆಳಗ್ಗೆ ಹೊಲಿದದ್ದನ್ನು ಈ ಮಹಾರಾಯಿತಿ ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಬಿಚ್ಚುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ದಾರ ನನ್ನದಲ್ಲವೇ?

"ಯಾಕೆ ಬಿಚ್ತೀಯೆ?"

"ಮುಗಿದ್ರೆ ಮತ್ತೆ ಕೇಳ್ತಾರಲ್ಲ ಚಿಕ್ಕಮ್ಮ."

ಸಿಟ್ಟು ಎಲ್ಲಿ ಹೋಯಿತೋ. ಸಂಚಿಯನ್ನು ಅವಳ ಕೈಗೆ ಕೊಟ್ಟು ಹೇಳಿದೆ, "ಭಾನುವಾರ ಅರಕಲಗೂಡಲ್ಲಿ ಮದ್ವೆ. ನಿಮ್ಮಜ್ಜಿ ಬರಕಿಲ್ಲ ಅಂತವ್ರೆ. ನೆಂಟರ ಮುಂದೆ ಕವರ್ ಇಟ್ಕಂಡು ಹೆಂಗ್ ಕೂತ್ಕಳ್ಳಿ ಅಂತ."

ಆ ಮಧ್ಯಾಹ್ನ ಧನ್ಯಾ ಬಿಚ್ಚಲಿಲ್ಲ. ಶನಿವಾರ ಸಂಜೆ ಸಂಚಿಯ ಬಾಯಿಗೆ ದಾರ ಪೋಣಿಸಿ, ಖಾಲಿ ಕೊಡಬಾರದೆಂದು ಎರಡು ಎಲೆ, ಒಂದು ಅಡಿಕೆ ಹಾಕಿ ಅಜ್ಜಿಯ ಮಡಿಲಲ್ಲಿಟ್ಟಳು.

ಮದುವೆಮನೆಯಲ್ಲಿ ಅತ್ತೆ ಸಂಚಿ ತುಂಬ ಎಲೆಯಡಿಕೆ ತುಂಬಿಕೊಂಡು ಕಂಬಕ್ಕೊರಗಿ ಕೂತರು, ಪಕ್ಕದಲ್ಲಿ ಧನ್ಯಾ, ಬರಿಗೈಯಲ್ಲಿ. ಅದೇ ಮದುವೆಗೆ ಬಂದಿದ್ದ ಮೇಷ್ಟ್ರು ಊಟ ಮುಗಿಸಿ ನೇರ ನಮ್ಮ ಹತ್ತಿರ ಬಂದರು.

"ಸಂಚಿ ಮುಗೀತು ಅನ್ನು ಧನ್ಯಾ. ಸರಿ, ಇನ್ನು ಮುಂದೇ..."

"ಮೊದ್ಲು ಎಲೆ ಹಾಕ್ಕಳಿ ಮೇಷ್ಟ್ರೇ" ಎಂದು ಅತ್ತೆ ಸಂಚಿ ಬಿಚ್ಚಿದರು. ಮೂರು ಎಲೆ, ಅರ್ಧ ಅಡಿಕೆ, ಸುಣ್ಣ, ಮೇಲೆ ಒಂದು ಚಿಟಿಕೆ ಹೊಗೆಸೊಪ್ಪು. ಹಿರಿಯರು ಮಡಿಸಿ ಕೊಟ್ಟದ್ದನ್ನು ಬೇಡ ಎನ್ನುವುದುಂಟೇ? ಮೇಷ್ಟ್ರ ಎರಡೂ ಕೆನ್ನೆ ಉಬ್ಬಿದವು. ಬಾಯಿ ತುಂಬ ರಸ. ಏನೋ ಹೇಳಲು ಹೋಗಿ, ಕತ್ತು ಮೇಲೆತ್ತಿಕೊಂಡೇ ಹೊರಗೆ ಓಡಿದರು.

ಆಮೇಲೆ ಚನ್ನರಾಯಪಟ್ಟಣದ ನೆಂಟರು ಬಂದರು, ಅವರಿಗೂ ಎಲೆಯಡಿಕೆ ಆಯಿತು. ಮದುವೆ ಹುಡುಗನ ಸೋದರತ್ತೆಗೂ ಆಯಿತು. ಮೂರು ಗಂಟೆಗೆ ಸಂಚಿ ಖಾಲಿ. ಅತ್ತೆಯ ಸುತ್ತ ಸುದ್ದಿಯೋ ಸುದ್ದಿ.

ವಾಪಸ್ ಬರುವಾಗ ಬಸ್ಸಿನಲ್ಲಿ ಧನ್ಯಾ ತಾನಾಗಿಯೇ ಹೇಳಿದಳು, "ಅಜ್ಜಿ, ನಿಜವಾಗ್ಲೂ ನಂಗೆ ಮುಂದೇನು ಅಂತ ಗೊತ್ತಿಲ್ಲ."

ಅತ್ತೆ ಕಿಟಕಿಯಿಂದಾಚೆ ಉಗಿದು ಸೆರಗಿನಲ್ಲಿ ಬಾಯೊರೆಸಿಕೊಂಡರು. "ನಿನ್ನ ಕೇಳ್ತಾರಲ್ಲ ಮಗಾ. ನನ್ನ ಯಾರೂ ಕೇಳ್ನಿಲ್ಲ ಕಣವ್ವ. ಹದ್ನಾರಕ್ಕೆ, ಮುಂದೇನು ಅಂತ ಅವ್ರೇ ಹೇಳ್ಬುಟ್ರು." ಆಮೇಲೆ ಸೊಂಟದಿಂದ ಖಾಲಿ ಸಂಚಿ ತೆಗೆದು ಅವಳ ಕೈಗಿಟ್ಟರು. "ಇನ್ನೂ ನಾಕು ದಿನ ಬೇಕಿದ್ರೆ ಬಿಚ್ಕಂಡು ಹೊಲ್ಕ. ನಂಗೆ ಕವರ್ ಐತೆ."

ಅಂದರೆ ಮುದುಕಿಗೆ ಎಲ್ಲ ಗೊತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ಆಚೆ ಮುಖ ಮಾಡಿ ಕೂತೆ. ಧನ್ಯಾ ಸಂಚಿಯನ್ನು ಮತ್ತೆ ಅಜ್ಜಿಯ ಸೊಂಟಕ್ಕೇ ಸಿಕ್ಕಿಸಿದಳು.

ಮರುದಿನ ಬೆಳಗ್ಗೆ ಮೇಷ್ಟ್ರು ಪೇಪರಿಗೆ ಬಂದರು. ಬಾಯಿ ಖಾಲಿಯಿತ್ತು. "ಮುಂದೇನಮ್ಮ?" ಎಂದರು.

ಧನ್ಯಾ ಅವರ ಮುಖವನ್ನೇ ನೋಡಿದಳು. "ಗೊತ್ತಿಲ್ಲ ಮೇಷ್ಟ್ರೇ. ಯೋಚಿಸ್ತಿದ್ದೀನಿ."

ಅಷ್ಟು ನೆಟ್ಟಗೆ ಉತ್ತರ ಹೇಳಿದ ವಿದ್ಯಾರ್ಥಿ ಅವರಿಗೆ ಮೊದಲು ಸಿಕ್ಕಿರಲಿಲ್ಲವೋ ಏನೋ, ಒಯ್ಯಲು ಬಂದ ಪೇಪರನ್ನು ಜಗಲಿಯಲ್ಲೇ ಬಿಟ್ಟು ಹೋದರು.