ಈರಕ್ಕನ ಮುಚ್ಚಳಿಕೆ

ಅಜ್ಜಂಪುರದಲ್ಲಿ ರೈಲ್ವೆ ಸ್ಟೇಷನ್ ದಾಟಿ ಮುಂದೆ ಹೋದರೆ ಸಿಗುವ ಎರೆಹೊಲಗಳಲ್ಲಿ ಐದು ಎಕರೆ ಈರಕ್ಕನದು. ಗಂಡ ತೀರಿಕೊಂಡ ಮೇಲೆ ಹದಿನಾರು ವರ್ಷ ಒಬ್ಬಳೇ ಗೇದವಳು. ಅದರ ಮಗ್ಗುಲಿಗೇ, ರಸ್ತೆಗೆ ತಾಗಿಕೊಂಡಂತೆ, ಅವಳ ತಮ್ಮ ಗಿಡ್ಡಪ್ಪನ ಹೊಲ, ಹಿಂದುಗಡೆ ಕರಿಸಿದ್ದಪ್ಪನದು.

ಎಂಬತ್ತೆರಡನೇ ಇಸವಿಯಲ್ಲಿ ಅಲ್ಲಿಗೆ ಹೊಲ ಕೊಂಡು ಸೈಟು ಮಾಡಿ ಮಾರುವ ಮಲ್ಲಿಕಾರ್ಜುನ ಎಂಬುವವನು ಜೀಪಿನಲ್ಲಿ ಬಂದಿಳಿದ. ಕಣ್ಣಿಗೆ ಕಪ್ಪು ಕನ್ನಡಕ, ಕಾಲಿಗೆ ಬಿಳೀ ಬೂಟು. ಅಂದು ಬೆಳಿಗ್ಗೆಯಷ್ಟೇ ಮಳೆ ಬಿದ್ದಿತ್ತು. ಎರೆಮಣ್ಣು ಬೂಟನ್ನು ಹಿಡಿದುಕೊಂಡಿತು. ಒಂದು ಕಾಲು ಕಿತ್ತರೆ ಇನ್ನೊಂದು ಹೂತುಕೊಳ್ಳುತ್ತಿತ್ತು. ಹಾಗೆ ನಿಂತುಕೊಂಡೇ ಅವನು, "ಇಲ್ಲಿ ನಲವತ್ತಡಿ ರೋಡು, ಅಲ್ಲಿ ಪಾರ್ಕು. ಮುನ್ನೂರು ಸೈಟು ಆಗ್ತವೆ ಕಣಮ್ಮಾ" ಎಂದ.

"ಮಣ್ಣಲ್ಲಿ ನೆಟ್ಟಗೆ ನಿಲ್ಲೋಕೆ ಬರಲ್ಲ ನಿಂಗೆ, ಊರು ಕಟ್ತೀಯಾ?" ಎಂದು ಈರಕ್ಕ ಕಳೆ ಕೀಳುವುದನ್ನು ಮುಂದುವರಿಸಿದಳು.

ಆದರೆ ಅವಳಿಗೆ ಭಯವಾಗಿದ್ದು ಬೂಟಿನವನ ಬಗ್ಗೆ ಅಲ್ಲ, ತಮ್ಮನ ಬಗ್ಗೆ. ಗಿಡ್ಡಪ್ಪ ಏಳನೇ ಕ್ಲಾಸು ಓದಿದ್ದ. ಆ ಏಳು ವರ್ಷದ ಹೆಮ್ಮೆಯಲ್ಲೇ ಉಳಿದ ಜೀವಮಾನ ಕಳೆಯುತ್ತಿದ್ದ. ಬೆಳಿಗ್ಗೆ ಹೋಟೆಲಿನಲ್ಲಿ ಪೇಪರು, ಮಧ್ಯಾಹ್ನ ನಿದ್ದೆ; ಹೊಲ ನೋಡಿಕೊಳ್ಳುತ್ತಿದ್ದವಳು ಹೆಂಡತಿ ದ್ಯಾಮಮ್ಮ.

ಈರಕ್ಕ ತಮ್ಮನನ್ನೂ ಕರಿಸಿದ್ದಪ್ಪನನ್ನೂ ಬಸ್ಸು ಹತ್ತಿಸಿಕೊಂಡು ತರೀಕೆರೆಯ ತಾಲ್ಲೂಕು ಕಚೇರಿಗೆ ಹೋದಳು. ಮೂವರೂ ಸೇರಿ ಜಮೀನು ಸಾಗುವಳಿಗೇ ಮೀಸಲು ಎಂದು ಬರೆದುಕೊಡುತ್ತೇವೆ ಎಂದಾಗ ಕಚೇರಿಯ ಗುಮಾಸ್ತ ನಕ್ಕ. "ಅಂಥಾ ಫಾರಮ್ಮೇ ಇಲ್ಲ ಕಣಮ್ಮಾ."

"ಮಾರೋಕೆ ಚೀಲದ ತುಂಬ ಫಾರಂ ಮಡಗಿದೀರಿ. ಉಳಿಸ್ಕಳಕ್ಕೆ ಒಂದೂ ಇಲ್ವಾ? ಇದೆಂಥಾ ಕಚೇರಿ ಸ್ವಾಮಿ?"

ಗುಮಾಸ್ತ ತಲೆ ತಗ್ಗಿಸಿ ಫೈಲು ತಿರುವತೊಡಗಿದ. ಕೊನೆಗೆ ಹೊರಗೆ ಮರದಡಿ ಕೂರುತ್ತಿದ್ದ ಪತ್ರ ಬರಹಗಾರನಿಂದ ಛಾಪಾ ಕಾಗದದ ಮೇಲೆ ಮುಚ್ಚಳಿಕೆ ಬರೆಸಿದರು: ಯಾರ ಬಲವಂತವೂ ಇಲ್ಲದೆ, ನಮ್ಮ ಸ್ವಂತ ಇಚ್ಛೆಯಿಂದ, ಈ ಮೂರೂ ಹೊಲಗಳನ್ನು ಬೇಸಾಯಕ್ಕಲ್ಲದೆ ಬೇರೆ ಯಾವುದಕ್ಕೂ ಬಿಟ್ಟುಕೊಡುವುದಿಲ್ಲ, ಮಾರಿದರೆ ಉಳುವವರಿಗೇ ಮಾರುತ್ತೇವೆ. ಈರಕ್ಕ, ಕರಿಸಿದ್ದಪ್ಪ ಹೆಬ್ಬೆಟ್ಟು ಒತ್ತಿದರು. ಗಿಡ್ಡಪ್ಪ ಮಾತ್ರ ಪೆನ್ನು ಕೇಳಿ ಪಡೆದು, ಕೊನೆಯ ಅಕ್ಷರಕ್ಕೆ ಬಾಲ ಎಳೆದು, ಕೆಳಗೆರಡು ಗೀಟು ಹಾಕಿ ಸಹಿ ಮಾಡಿದ.

ಎರಡು ವರ್ಷ ಕಳೆಯಿತು. ಜೀಪು ಗಿಡ್ಡಪ್ಪನ ಮನೆ ಮುಂದೆ ನಿಲ್ಲತೊಡಗಿತು. ಅವನ ಮಣಿಕಟ್ಟಿಗೆ ಒಂದು ಗಡಿಯಾರ ಬಂತು. ಒಂದು ದಿನ ಚಾವಡಿಯ ಗೋಡೆಗೆ ನೋಟೀಸು ಅಂಟಿಸಿದರು: ಗಿಡ್ಡಪ್ಪನ ಜಮೀನನ್ನು ಮನೆ ನಿವೇಶನಕ್ಕೆ ಪರಿವರ್ತಿಸಲು ಅರ್ಜಿ ಬಂದಿದೆ, ತಕರಾರಿದ್ದವರು ತರೀಕೆರೆಗೆ ಬಂದು ಹೇಳಬಹುದು.

ಈರಕ್ಕ ಮುಚ್ಚಳಿಕೆಯನ್ನು ಸೀರೆಯಲ್ಲಿ ಸುತ್ತಿಕೊಂಡು, ಕರಿಸಿದ್ದಪ್ಪನನ್ನೂ ಕರೆದುಕೊಂಡು ಹೋದಳು. ಅಮಲ್ದಾರರ ಮುಂದೆ ಗಿಡ್ಡಪ್ಪ ಕೈ ಮುಗಿದು, "ಸ್ವಾಮೀ, ನಾನು ಅನಕ್ಷರಸ್ಥ. ಏನು ಬರೆದವ್ರೋ ಗೊತ್ತಿಲ್ದೆ ಹೆಬ್ಬೆಟ್ಟು ಒತ್ತಿಸ್ಕೊಂಡ್ರು" ಎಂದ.

ಅಮಲ್ದಾರರು ಕಾಗದ ತಿರುಗಿಸಿ ನೋಡಿದರು. ಬಾಲ ಎಳೆದ ಸಹಿಯ ಮೇಲೆ ಬೆರಳಿಟ್ಟು, "ಇದು ಯಾರದಪ್ಪಾ?" ಎಂದರು. ಗಿಡ್ಡಪ್ಪ ಗಡಿಯಾರದ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ಈರಕ್ಕನಿಗೆ ಸಿಟ್ಟು ಬರಲಿಲ್ಲ. ಹೊಲ ಮಾರಲು ಹೊರಟನೆಂಬುದನ್ನಾದರೂ ನುಂಗಿಕೊಂಡಾಳು. ಓದಿದ್ದನ್ನೇ ಇಲ್ಲವೆಂದವನನ್ನು ಏನೆನ್ನುವುದು? "ನಮ್ಮಪ್ಪ ಇವ್ನ್ನ ಹೆಗಲ ಮೇಲೆ ಹೊತ್ಕಂಡು ಇಸ್ಕೂಲಿಗೆ ಬಿಟ್ಟ ಸ್ವಾಮಿ," ಎಂದಳು. "ಹೊರಬಾರದಾಗಿತ್ತು."

ಮುಚ್ಚಳಿಕೆಗೆ ಕಾನೂನಿನಲ್ಲಿ ಎಷ್ಟು ಬೆಲೆಯಿದೆಯೋ ಅಮಲ್ದಾರರಿಗೂ ಖಚಿತವಿರಲಿಲ್ಲ. ಆದರೂ ಒಳ್ಳೇ ಎರೆಭೂಮಿ, ಪಕ್ಕದವರಿಬ್ಬರ ತಕರಾರು, ಗಿಡ್ಡಪ್ಪ ತಾನೇ ಒಪ್ಪಿ ಬರೆದುಕೊಟ್ಟ ಮಾತು ಎಂದು ಕಾರಣ ಬರೆಸಿ ಅರ್ಜಿಯನ್ನು ತಿರಸ್ಕರಿಸಿದರು. ಮಲ್ಲಿಕಾರ್ಜುನ ಗಿಡ್ಡಪ್ಪನನ್ನು ಕಚೇರಿಯ ಮೆಟ್ಟಿಲ ಮೇಲೇ ಬಿಟ್ಟು ಜೀಪು ಹತ್ತಿದ. ಆಮೇಲೆ ಬೀರೂರು ಕಡೆ ಯಾರದೋ ಹೊಲದಲ್ಲಿ ಸೈಟಿನ ಕಲ್ಲು ನೆಡಿಸುತ್ತಿದ್ದಾನೆಂದು ಸುದ್ದಿ ಬಂತು. ಗಿಡ್ಡಪ್ಪ, ಅಕ್ಕ ಕೂತಿದ್ದ ಬಸ್ಸಿನಲ್ಲೇ, ಹಿಂದಿನ ಸೀಟಿನಲ್ಲಿ ಮುಖ ಕಿಟಕಿಗೆ ಹಾಕಿಕೊಂಡು ಊರಿಗೆ ಬಂದ.

ಆ ಹಿಂಗಾರಿಗೆ ಅವನು ಮುನಿಸಿಕೊಂಡು ಹೊಲದ ಕಡೆ ತಲೆ ಹಾಕಲಿಲ್ಲ. ದ್ಯಾಮಮ್ಮ ತಾನೇ ಎತ್ತು ಕಟ್ಟಿಕೊಂಡು ಬಂದಳು. ಈರಕ್ಕ ಕೇಳದೆಯೇ ಹೋಗಿ ಬಿತ್ತುವ ಕೂರಿಗೆಯ ಬಟ್ಟಲಿಗೆ ಜೋಳ ಬಿಟ್ಟಳು. ಬಿಳಿಜೋಳ ಆಳುದ್ದ ಬೆಳೆಯಿತು.

ಕೊಯ್ಲಿನ ಹೊತ್ತಿಗೆ ಗಿಡ್ಡಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಬದುವಿನ ಮೇಲೆ ನಿಂತ. "ಬೆಳೆ ಚೆನ್ನಾಗಿ ಬಂದದೆ ಅಲ್ವಾ ಅಕ್ಕಾ?"

ಈರಕ್ಕ ಅವನ ಕಡೆ ತಿರುಗಲಿಲ್ಲ. ಕುಡುಗೋಲು ಆಡಿಸುತ್ತಲೇ ದ್ಯಾಮಮ್ಮನಿಗೆ ಹೇಳಿದಳು: "ನಿನ್ ಗಂಡನ್ನ ಆ ಬೇವಿನ ನೆರಳಿಗೆ ಕಳ್ಸೇ. ಬಿಸಿಲು ತಡೆಯೋ ಜೀವ ಅಲ್ಲ ಅದು."