ಒತ್ತಿಲ್ಲದ ಮೂರು ಸಾಲು

ಸಾವಿರದ ಒಂಬೈನೂರ ನಲವತ್ತಮೂರರಲ್ಲಿ ನಾನು ದೇವನಹಳ್ಳಿ ತಾಲ್ಲೂಕಿನ ಕುಂದಾಣದಲ್ಲಿ ಪ್ರೈಮರಿ ಶಾಲೆಯ ಉಪಾಧ್ಯಾಯಿನಿಯಾಗಿದ್ದೆ. ಮಕ್ಕಳ ಪಾಠ ಮುಗಿದ ಮೇಲೆ ಊರಿನ ಹೆಂಗಸರಿಗೆ ಅಕ್ಷರ ಕಲಿಸುವ ಹೆಚ್ಚಿನ ಕೆಲಸವೂ ನನ್ನ ಪಾಲಿಗೆ ಬಂದಿತ್ತು. ಬೇಡ ಎನ್ನಬಹುದಿತ್ತು. ಆದರೆ ಮೊದಲ ದಿನವೇ ಹದಿನಾಲ್ಕು ಹೆಂಗಸರು ಸೆರಗು ಸರಿಮಾಡಿಕೊಂಡು ಜಗುಲಿಯ ಮೇಲೆ ಬಂದು ಕೂತರು. ಇನ್ನು ಬೇಡ ಎನ್ನುವುದು ಹೇಗೆ?

ಯುದ್ಧದ ಕಾಲ, ಕಾಗದಕ್ಕೆ ಬರ. ವಯಸ್ಕರ ಪಾಠಪುಸ್ತಕದ ಮೊದಲ ಭಾಗ ಮಾತ್ರ ಬಂತು. ಒತ್ತಕ್ಷರಗಳಿದ್ದದ್ದು ಎರಡನೆಯ ಭಾಗದಲ್ಲಿ. ಅದು ಬಂದ ಮೇಲೆಯೇ ಆ ಪಾಠ ಎಂದು ಮೇಲಿನವರ ಕಟ್ಟಪ್ಪಣೆ. ಹೀಗಾಗಿ ನನ್ನ ತರಗತಿಯ ಹೆಂಗಸರಿಗೆ ಕಾಗುಣಿತವೆಲ್ಲ ಬರುತ್ತಿತ್ತು, ಒಂದು ಒತ್ತೂ ಬರುತ್ತಿರಲಿಲ್ಲ. ಒತ್ತಿಲ್ಲದ ಕನ್ನಡ ಎಂಥದ್ದು ಎಂದು ನನಗೆ ಗೊತ್ತಾದದ್ದು ಆಗಲೇ. ಅವರು ದಿನಾ ತಿರುವುವ ಮುದ್ದೆಯನ್ನು ಬರೆಯುವಂತಿಲ್ಲ, ಉಪ್ಪು ಬರೆಯುವಂತಿಲ್ಲ. ಅಪ್ಪ, ಅಮ್ಮ, ಅಕ್ಕ, ಅಣ್ಣ, ಅತ್ತೆ ಯಾರನ್ನೂ ಕರೆಯುವಂತಿಲ್ಲ. 'ಇಲ್ಲ' ಎಂದು ಬರೆಯುವಂತೆಯೂ ಇಲ್ಲ! ಎಲ್ಲರ ಹೆಸರೂ 'ಅಮ್ಮ' ಎಂದೇ ಮುಗಿಯುತ್ತಿದ್ದರಿಂದ ಒಬ್ಬಳಿಗೂ ತನ್ನ ಹೆಸರು ಬರೆಯಲು ಬರುತ್ತಿರಲಿಲ್ಲ.

ಅವರಲ್ಲಿ ಕೆಂಪಮ್ಮ ಮತ್ತು ಜಯಮ್ಮ ಅತ್ತೆ ಸೊಸೆ. ಹಿಂದಿನ ವರ್ಷ ಕೆಂಪಮ್ಮನ ಒಬ್ಬನೇ ಮಗ ವಿಷಮಶೀತ ಜ್ವರದಲ್ಲಿ ತೀರಿಕೊಂಡಿದ್ದ. ಜಯಮ್ಮನಿಗೆ ಆಗ ಇಪ್ಪತ್ತು ತುಂಬಿರಲಿಲ್ಲ, ಮಕ್ಕಳಿರಲಿಲ್ಲ. ಜಗಳವೇನೂ ಇರಲಿಲ್ಲ. ಆದರೆ ಆ ಮನೆಯಲ್ಲಿ ಮಾತು ಊಟಕ್ಕೆ, ನೀರಿಗೆ ಬೇಕಾದಷ್ಟಕ್ಕೇ ನಿಂತುಹೋಗಿತ್ತು. ಇಬ್ಬರಿಗೂ ಸೇರಿ ಒಂದೇ ಸ್ಲೇಟು. ಒಬ್ಬರು ತರಗತಿಗೆ ಬಂದ ದಿನ ಇನ್ನೊಬ್ಬರು ದನ ನೋಡಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಜಯಮ್ಮ ತಂದ ಸ್ಲೇಟಿನ ಮೇಲೆ ನಾನು ಹೇಳಿಕೊಡದ ಮೂರು ಸಾಲಿತ್ತು. ಅವರ ದಪ್ಪ ಅಕ್ಷರಕ್ಕೆ ಆ ಸ್ಲೇಟು ಹಿಡಿಯುತ್ತಿದ್ದದ್ದೇ ಅಷ್ಟು.

ಹೊಗೆ ಅಂದಳು
ಸೆರಗಲಿ ಮುಖ ಒರೆಸಿದಳು
ಒಲೆ ಆರಿ ಜಾವವಾಯಿತು

"ನೀನು ಬರೆದದ್ದೇನೇ?" ಎಂದೆ.

"ಇಲ್ಲ ಮೇಷ್ಟ್ರಮ್ಮ, ಸ್ಲೇಟ್ ಮೇಲೇ ಇತ್ತು" ಎಂದಳು. ಮಾರನೆಯ ದಿನ ಕೆಂಪಮ್ಮನನ್ನು ಕೇಳಿದೆ. ಅವಳದೂ ಅದೇ ಉತ್ತರ. ಅಕ್ಷರ ನೋಡಿ ಹೇಳೋಣವೆಂದರೆ, ಎಲ್ಲರೂ ನಾನು ಬರೆದುಕೊಟ್ಟದ್ದನ್ನೇ ತಿದ್ದಿದವರು. ಎಲ್ಲರದೂ ನನ್ನದೇ ಅಕ್ಷರ. ವಾರ ಕಳೆಯುವಷ್ಟರಲ್ಲಿ ಇನ್ನೊಂದು ಬಂತು.

ಊಟ ಆಯಿತಾ ಅಂತ ಕೇಳಿದಳು
ಆಯಿತು ಅಂದೆ
ಮಡಕೆ ತೆರೆದು ನೋಡಿದಳು

ಉಳಿದ ಹೆಂಗಸರೂ ಇದನ್ನು ಹಿಡಿದುಕೊಂಡರು. ನಮ್ಮ ಜಗುಲಿಯಲ್ಲಿ ಮೂರು ಸಾಲಿನ ಸುಗ್ಗಿಯೇ ಆಯಿತು. ನಾನು ಆ ಮೊದಲಿನ ಎರಡನ್ನು ಬೆಂಗಳೂರಿನ ಒಂದು ಮಾಸಪತ್ರಿಕೆಗೆ ಕಳಿಸಿದೆ. ಅವರು ಅಚ್ಚುಹಾಕಿದರು. ನೋಡಿದ ಕವಿಗಳು ತಾವೂ ಬರೆಯತೊಡಗಿದರು. ಆಮೇಲೆ ಇದರ ಮೂಲ ಯಾವುದೆಂಬ ಚರ್ಚೆ ಶುರುವಾಯಿತು. ತ್ರಿಪದಿಯ ಮರಿ ಎಂದರು ಒಬ್ಬರು. ಜಪಾನಿನಿಂದ ಬಂದದ್ದು ಎಂದರು ಇನ್ನೊಬ್ಬರು. ಒಗಟಿನಿಂದ ಹುಟ್ಟಿದ್ದು ಎಂದು ಮೂರನೆಯವರು. 'ಅತ್ತಳು' ಎನ್ನದೆ ಸೆರಗು ತೋರಿಸಿದ ಸಂಯಮವನ್ನು ಒಬ್ಬ ವಿದ್ವಾಂಸರು ಎರಡು ಪುಟ ಹೊಗಳಿದರು. 'ಅತ್ತಳು' ಬರೆಯಲು ತಕಾರದ ಒತ್ತು ಬೇಕು ಸ್ವಾಮಿ, ಅದು ಎರಡನೆಯ ಭಾಗದಲ್ಲಿದೆ, ಎಂದು ಹೇಳೋಣವೆನಿಸಿ ನಗು ಬಂತು. ನಾನೇ ಬರೆದು ಹಳ್ಳಿಯವರ ಹೆಸರು ಹೇಳುತ್ತಿದ್ದೇನೆ ಎಂದವರೂ ಇದ್ದರು.

ಕೊನೆಗೆ ಸಂಪಾದಕರೇ, ಪೆಟ್ರೋಲಿಲ್ಲದ ಆ ಕಾಲದಲ್ಲಿ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಹತ್ತಿ, ಮೈಯೆಲ್ಲ ಮಸಿ ಮಾಡಿಕೊಂಡು ಬಂದಿಳಿದರು. ಮೊದಲು ಬರೆದವರ ಹೆಸರು ಹಾಕಿ ಚರ್ಚೆ ಮುಗಿಸುವುದು ಅವರ ಉದ್ದೇಶ. ನಾನು ಕೆಂಪಮ್ಮನ ಮನೆಗೆ ಕರೆದುಕೊಂಡು ಹೋದೆ.

ಹೋಗಬಾರದ ಹೊತ್ತಿಗೆ ಹೋಗಿದ್ದೆವು. ಬಾಗಿಲಲ್ಲಿ ಜಯಮ್ಮನ ತವರೂರು ನಂದಗುಡಿಯ ಗಾಡಿ ನಿಂತಿತ್ತು. ಜಯಮ್ಮನ ಅಣ್ಣ ಮುನಿಯಪ್ಪ ತಂಗಿಯನ್ನು ತವರಿಗೆ ಕರೆದೊಯ್ಯಲು ಬಂದಿದ್ದ. ಮತ್ತೆ ಇಲ್ಲಿಗೆ ಕಳಿಸುವ ಮಾತಿಲ್ಲ ಎಂದು ಊರಿಗೆಲ್ಲ ಗೊತ್ತಿತ್ತು. ಟ್ರಂಕು ಗಾಡಿಯಲ್ಲಿತ್ತು. ಕೆಂಪಮ್ಮ ಕಂಬಕ್ಕೆ ಒರಗಿ ನಿಂತಿದ್ದಳು, ಹೋಗು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಸಂಪಾದಕರಿಗೆ ಇದೇನೂ ತಿಳಿಯದು. ಪತ್ರಿಕೆ ತೆಗೆದು ಎರಡನ್ನೂ ಗಟ್ಟಿಯಾಗಿ ಓದಿ, "ಮೊದಲು ಬರೆದವರು ಯಾರಮ್ಮ?" ಎಂದರು.

"ಅತ್ತೆ ಬರ್ದಿದ್ದು" ಎಂದಳು ಜಯಮ್ಮ.

"ಇಲ್ಲ ಸ್ವಾಮಿ, ಇವ್ಳೇ. ನಾನು ಓದ್ಕೊಂಡು ಒರೆಸ್ದೆ ಅಷ್ಟೆ" ಎಂದಳು ಕೆಂಪಮ್ಮ.

"ಹೊಗೆ ಅಂತ ಮುಖ ಒರೆಸ್ಕೊಂಡಿದ್ದು ನೀವಲ್ವಾ?" ಎಂದಳು ಜಯಮ್ಮ.

"ನಾನೆಲ್ಲೇ ಒರೆಸ್ಕೊಂಡೆ? ನೀನು ಕಣೇ." ಬರೆದದ್ದೂ ಅತ್ತದ್ದೂ ತಾನಲ್ಲ ಎಂದೇ ಇಬ್ಬರ ಹಟ.

ಮುನಿಯಪ್ಪ ಗಾಡಿಯ ಹಗ್ಗ ಬಿಟ್ಟು ಹತ್ತಿರ ಬಂದ. "ಮಡಕೆ ತೆಗ್ದು ನೋಡಿದ್ದು ಯಾರವ್ವಾ?" ಎಂದು ತಂಗಿಯನ್ನು ಕೇಳಿದ.

"ಅತ್ತೆ ದಿನಾ ನೋಡ್ತಾರೆ ಅಣ್ಣ. ನಾನೂ ನೋಡ್ತೀನಿ. ಉಂಡೆ ಅಂತ ಇಬ್ರೂ ಸುಳ್ಳು ಹೇಳ್ತೀವಿ."

ಅವನು ಗಾಡಿಯಲ್ಲಿದ್ದ ಟ್ರಂಕಿನ ಕಡೆ ನೋಡಿ, "ನಿಂಗೆ ಇಲ್ಲೇ ಇರೋ ಮನಸ್ಸೈತಾ?" ಎಂದ.

"ಅತ್ತೆ ಇರು ಅಂದ್ರೆ ಇರ್ತೀನಿ."

ಎಲ್ಲರೂ ಕೆಂಪಮ್ಮನ ಕಡೆ ನೋಡಿದೆವು. "ಮಗನೇ ಹೋದ್ಮೇಲೆ ಇರು ಅನ್ನೋಕೆ ನಾನ್ಯಾರು ಅಂತ ಸುಮ್ಕಿದ್ದೆ ಕಣವ್ವಾ" ಎಂದಳು. ಆಮೇಲೆ, "ಇರು" ಎಂದಳು.

ಮುನಿಯಪ್ಪನೇ ಟ್ರಂಕನ್ನು ಇಳಿಸಿ ಒಳಗಿಟ್ಟ. ಸಂಪಾದಕರು ಕನ್ನಡಕ ಒರೆಸಿಕೊಳ್ಳುತ್ತ ಹೆಸರಿಲ್ಲದೆಯೇ ಬಸ್ಸಿಗೆ ಹೊರಟರು. ಮುಂದಿನ ಸಂಚಿಕೆಯಲ್ಲೂ ಚರ್ಚೆ ನಡೆಯಿತು. ಈಗಲೂ ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ ಎನ್ನುತ್ತೇನೆ, ಅದು ನಿಜ.

ಒತ್ತು ಬಾರದ್ದರಿಂದ ಅವರು ಹೇಳಲಾರದೆ ಹೋದ ಮಾತುಗಳನ್ನೆಲ್ಲ ನಾನು ಅಷ್ಟು ದಿನ ಲೆಕ್ಕ ಹಾಕುತ್ತಿದ್ದೆ. ಆ ಮನೆಗೆ ಬೇಕಾಗಿದ್ದ ಮಾತಿನಲ್ಲಿ ಒತ್ತೇ ಇರಲಿಲ್ಲ. 'ಇರು' ಎಂಬುದನ್ನು ಇಬ್ಬರಿಗೂ ಮೊದಲ ವಾರವೇ ಕಲಿಸಿದ್ದೆ, ಇಬ್ಬರೂ ತಪ್ಪಿಲ್ಲದೆ ಬರೆದು ತೋರಿಸಿದ್ದರು. ಬರೆಯಲು ಬಂದ ಮಾತು ಬಾಯಿಗೆ ಬರಲು ಎಷ್ಟು ಕಾಲ ಬೇಕೆಂದು ಯಾವ ಪಾಠಪುಸ್ತಕದಲ್ಲೂ ಇಲ್ಲ. ಆಮೇಲಿನ ವರ್ಷಗಳಲ್ಲಿ, ಅಕ್ಷರಕ್ಕೆ ತಡವರಿಸಿದಳೆಂದು ನಾನು ಯಾವ ಹೆಂಗಸನ್ನೂ ದಡ್ಡಿ ಎನ್ನಲಿಲ್ಲ.