ಬೀಗರ ಬೆನ್ನ ಕೆಳಗೆ ನಮ್ಮ ಮ್ಯಾಟು

ಶನಿವಾರ ಮಧ್ಯಾಹ್ನ ಜಿಮ್ ಬಾಗಿಲು ತೆಗೆದರೆ ಬರೀ ನೆಲ. ಮ್ಯಾಟ್ ಒಂದೂ ಇಲ್ಲ.

ಮಾರನೇ ದಿನ ದಾವಣಗೆರೆಯಲ್ಲಿ ನಮ್ಮ ಟೀಮಿನ ಮೊದಲ ಜಿಮ್ನಾಸ್ಟಿಕ್ಸ್ ಸ್ಪರ್ಧೆ. ಹೊನ್ನಾಳಿಯಂಥ ಊರಲ್ಲಿ, ಡಂಬಲ್ ಎತ್ತುವವರ ನಡುವೆ ಒಂದು ಮೂಲೆ ಕೇಳಿ ಪಡೆದು, ಐದು ಹುಡುಗಿಯರನ್ನು ಸೇರಿಸಿ ನಾನು ಕಟ್ಟಿದ ಟೀಮು. "ಲಾಗ ಹಾಕಾಕೂ ಕೋಚ್ ಬೇಕೇನ್ರಿ" ಅಂತ ನಕ್ಕವರೇ ಜಾಸ್ತಿ.

ಜಿಮ್ ಓನರ್ ಬಸಣ್ಣನಿಗೆ ಫೋನ್ ಮಾಡಿದೆ.

"ನಿನ್ನೆ ರಾತ್ರಿ ಮದುವೆಗೆ ಕೊಟ್ಟೀನಿ ಮೇಡಂ. ಬೀಗರು ಮಲಗಾಕೆ ಹಾಸಿಗೆ ಸಾಲಲಿಲ್ಲಂತೆ. ಮದುವೆ ಕೆಲಸಕ್ಕೆ ಇಲ್ಲ ಅನ್ನಾಕೆ ಆಗ್ತೈತೇನ್ರಿ?"

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನನ್ನು ಒಂದು ಮಾತು ಕೇಳಬೇಕು ಅಂತಲೂ ಅನ್ನಿಸಲಿಲ್ಲವಾ?

ಅಷ್ಟರಲ್ಲಿ ಚಂದನಾ ರೇಷ್ಮೆ ಲಂಗ ಎತ್ತಿ ಹಿಡಿದು ಪ್ರಾಕ್ಟೀಸಿಗೆ ಓಡಿ ಬಂದಳು. ಟೀಮಿನಲ್ಲಿ ಅವಳೇ ಚಿಕ್ಕವಳು. ಕೈಯೂರಿ ಗಾಳಿಯಲ್ಲಿ ತಿರುಗಿ ಕಾಲ ಮೇಲೆ ನಿಲ್ಲುವ ಹ್ಯಾಂಡ್‌ಸ್ಪ್ರಿಂಗ್, ಹೆದರಿ ಹೆದರಿ ಹಿಂದಿನ ದಿನವಷ್ಟೇ ಅವಳಿಗೆ ಬಂದಿತ್ತು. ಇವತ್ತು ಮತ್ತೆ ಮಾಡದಿದ್ದರೆ ಆ ಭಯ ವಾಪಸ್ ಬಂದು ಕೂರುತ್ತದೆ... ನನಗೆ ಗೊತ್ತು.

ಮದುವೆ ಅವಳ ಸೋದರತ್ತೆಯದೇ. ಮ್ಯಾಟ್ ಹೊತ್ತುಕೊಂಡು ಹೋದವರು ಅವಳ ಅಪ್ಪನೇ.

ಇಬ್ಬರೂ ಕಲ್ಯಾಣ ಮಂಟಪಕ್ಕೆ ಹೋದೆವು. ಊಟ ಮುಗಿಸಿದ ಗಂಡಿನ ಕಡೆಯವರು ನಮ್ಮ ನೀಲಿ ಮ್ಯಾಟುಗಳ ಮೇಲೆ ಸಾಲಾಗಿ ಗೊರಕೆ ಹೊಡೆಯುತ್ತಿದ್ದಾರೆ. ಒಂದರ ಅಂಚಿಗೆ ಯಾರೋ ಸುಣ್ಣದ ಬೆರಳು ಒರೆಸಿದ್ದಾರೆ.

ಚಂದನಾಳ ಅಪ್ಪ ಅಡ್ಡ ಬಂದರು. "ಬೀಗರು ಮಲಗ್ಯಾರ್ರೀ, ಎಬ್ಬಿಸಬ್ಯಾಡ್ರಿ. ಹೊಸ ಸಂಬಂಧ, ಏನ್ ಅಂದ್ಕೋತಾರೆ? ಹುಡುಗ್ರ ಆಟ, ಮುಂದಿನ ಸಲ ಹೋದ್ರಾತು."

ಆಟವಂತೆ. ಮುಂದಿನ ಸಲವಂತೆ. ಮದುವೆ ಮನೆ ಅಂತ ಬಾಯಿಗೆ ಬಂದಿದ್ದನ್ನೆಲ್ಲ ನುಂಗಿಕೊಂಡೆ.

ಚಂದನಾ ನುಂಗಿಕೊಳ್ಳಲಿಲ್ಲ. ಸೀದಾ ಹೋಗಿ ಮದುಮಗನ ಅಜ್ಜನ ತೋಳು ಅಲ್ಲಾಡಿಸಿದಳು. "ಅಜ್ಜಾ, ಏಳ್ರಿ. ಇದು ನಮ್ ಮ್ಯಾಟು. ನಾಳೆ ನಂದು ಕಾಂಪಿಟೇಶನ್ ಐತೆ."

ಅವಳ ಅಪ್ಪನ ಮುಖ ಬಿಳುಚಿಕೊಂಡಿತು.

ಅಜ್ಜ ಎದ್ದು ಕೂತರು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ಮೊದ್ಲೇ ಹೇಳಿದ್ರೆ ಚಾಪೆ ಮ್ಯಾಲೆ ಮಲಗ್ತಿದ್ವಲ್ಲವ್ವ" ಅಂದರು. ಉಳಿದವರನ್ನು ತಾವೇ ತಟ್ಟಿ ಎಬ್ಬಿಸಿದರು.

ಇಷ್ಟೇ. ಬೀಗರಿಗೆ ಇಲ್ಲದ ಬಿಗುಮಾನ ಇವರಿಗೆ! ಒಂದು ಮಾತು ಕೇಳಿದ್ದರೆ ಮುಗಿಯುತ್ತಿದ್ದುದಕ್ಕೆ ಆ ಮಗು ಅರ್ಧ ಮಧ್ಯಾಹ್ನದ ಪ್ರಾಕ್ಟೀಸ್ ಕಳೆದುಕೊಂಡಿತ್ತು.

ಲಗೇಜ್ ಆಟೋದಲ್ಲಿ ಮ್ಯಾಟ್ ತಂದು ಹಾಸಿದೆವು. ಕತ್ತಲಾಗುವ ತನಕ ಬಿದ್ದಳು, ಎದ್ದಳು.

ಭಾನುವಾರ ಚಂದನಾ ಕಾಲ ಮೇಲೆ ನಿಂತಳು. ಪದಕ ಬರಲಿಲ್ಲ. ನಿಂತ ತಕ್ಷಣ ಗ್ಯಾಲರಿಯ ಕಡೆ ನೋಡಿದಳು... ಅಪ್ಪ ಇರಲಿಲ್ಲ. ಬೀಗರನ್ನು ಬಸ್ಸು ಹತ್ತಿಸಬೇಕಿತ್ತಂತೆ.

ಒಂದು ಕೇಳ್ತೀನಿ, ಹೇಳಿ. ಗಂಡು ಹುಡುಗರ ಕ್ರಿಕೆಟ್ ಮ್ಯಾಚಿನ ಹಿಂದಿನ ದಿನ ಸ್ಟಂಪ್ ಕಿತ್ತುಕೊಂಡು ಹೋಗಿ ಮದುವೆ ಚಪ್ಪರಕ್ಕೆ ನೆಟ್ಟಿದ್ದನ್ನು ನಿಮ್ಮೂರಲ್ಲಿ ಯಾರಾದರೂ ನೋಡಿದ್ದೀರಾ?